ಸರಕಿನ ಜೊತೆ ಬಂದವಳು

"ನಾಳಿಂದ ಮಾಲು ಇಲ್ದೋರು ಯಾರೂ ಗಾಡಿ ಹತ್ತಂಗಿಲ್ಲ."

ಸೋಮವಾರ ಬೆಳಿಗ್ಗೆ ಓಬಳೇಶ ಹೀಗೆ ಹೇಳಿದಾಗ ಹೆಂಗಸರು ನಕ್ಕರು. ಐದೂವರೆಯ ಹೊತ್ತು. ಮರಿಯಮ್ಮನಹಳ್ಳಿಯ ಹೆದ್ದಾರಿಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ರಸ್ತೆಯ ಬದಿಗೆ ಓಬಳೇಶನ ಗೂಡ್ಸ್ ಗಾಡಿ ನಿಂತಿತ್ತು. ಕಂಪ್ಲಿಯ ಕಡೆ ಕಾಲುವೆಗೆ ನೀರು ಬಿಟ್ಟು ಹತ್ತು ದಿನವಾಗಿತ್ತು. ಅಲ್ಲಿಯ ಗದ್ದೆಗಳಿಗೆ ನಾಟಿಗೆಂದು ಹೊರಟ ಹನ್ನೊಂದು ಹೆಂಗಸರು ಆಗಲೇ ಗಾಡಿಯ ಹಿಂಭಾಗದಲ್ಲಿ ತಮ್ಮ ತಮ್ಮ ಜಾಗ ಹಿಡಿದು ಕುಳಿತಿದ್ದರು.

"ಮಾಲು ಅಂದ್ರ ಏನ್ಲೇ? ನಾವ ಮಾಲಲ್ಲೇನು?" ಎಂದಳು ಹುಲಿಗೆಮ್ಮ. ಗುಂಪಿನಲ್ಲಿ ಬಾಯಿ ಅವಳದು.

"ನಗಬ್ಯಾಡ್ರಿ. ನಿನ್ನೆ ಹೊಸಪೇಟ್ಯಾಗ ಗೂಡ್ಸ್ ಡ್ರೈವರ್‌ಗಳಿಗೆಲ್ಲ ಮೀಟಿಂಗ್ ಕರದಿದ್ರು. ಎಲ್ಲೋ ಬ್ಯಾರೆ ಜಿಲ್ಲಾದಾಗ ಕೂಲಿಯೋರ ಗಾಡಿ ಮಗಚೈತಂತ. ಮಾಲಿನ ಗಾಡ್ಯಾಗ ಮನುಷ್ಯಾರು ಸತ್ರ ವಿಮಾದೋರು ಕೊಡಂಗಿಲ್ಲ. ಆದ್ರ ಮಾಲಿನ ಮಾಲಕ ಮಾಲಿನ ಜೊತಿಗೆ ಹೋಗಬಹುದು, ಅದು ಕಾನೂನದಾಗ ಐತಿ ಅಂದ್ರು. ನಾ ಕಿವಿಯಾರೆ ಕೇಳೀನಿ."

"ಅಂದ್ರ ಒಬ್ಬೊಬ್ರೂ ಒಂದೊಂದು ಮಾಲು ತರಬೇಕು?" ಎಂದು ಅಕ್ಕನಾಗಮ್ಮ ಕೇಳಿದಳು. ಗುಂಪು ಅವಳದು. ಎಂಟು ವರ್ಷದಿಂದ ಗದ್ದೆಯವರ ಜೊತೆ ಎಕರೆ ಲೆಕ್ಕದಲ್ಲಿ ಮಾತಾಡುವುದು, ಹೆಂಗಸರನ್ನು ಕೂಡಿಸುವುದು, ಗಾಡಿ ಹಿಡಿಯುವುದು ಎಲ್ಲ ಅವಳೇ.

"ಹೂಂ ಅಕ್ಕಾ. ಏನರ ತರ್ರಿ. ನಿಮ್ಮದಂತ ಒಂದು ಇರಬೇಕು, ಅಷ್ಟ."

ಓಬಳೇಶ ಒಂದು ಗಂಟೆಯ ಭಾಷಣದಲ್ಲಿ ಕೇಳಿಸಿಕೊಂಡದ್ದು ಇಷ್ಟು. ಅದನ್ನು ಅವನು ನಂಬಿದ್ದ. ಅವನು ನಂಬಿದ್ದರಿಂದ ಅಕ್ಕನಾಗಮ್ಮನೂ ನಂಬಿದಳು. ಬಸ್ಸು ಹೆಂಗಸರಿಗೆ ಪುಕ್ಕಟೆಯಾಗಿ ಎಷ್ಟೋ ದಿನವಾಗಿತ್ತು. ಆದರೆ ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಕಂಪ್ಲಿ ಸ್ಟ್ಯಾಂಡಿಗೆ ಇಳಿಯುವಷ್ಟರಲ್ಲಿ ಹತ್ತಾಗುತ್ತಿತ್ತು. ಗದ್ದೆ ಅಲ್ಲಿಂದ ಮತ್ತೆ ಒಂದೂವರೆ ಹರದಾರಿ ಒಳಗೆ. ಏಳೂವರೆಗೆ ಕೆಸರಿಗೆ ಇಳಿಯದ ಗುಂಪನ್ನು ಯಾರೂ ಮತ್ತೆ ಕರೆಯುವುದಿಲ್ಲ.

ಮರುದಿನ ಎಲ್ಲರೂ ಮಾಲು ತಂದರು. ಒಬ್ಬಳು ಪ್ಲಾಸ್ಟಿಕ್ ಕೊಡ ತಂದಳು. ಒಬ್ಬಳು ತಲೆದಿಂಬು. ಇನ್ನೊಬ್ಬಳು ಕಾಲು ಕಟ್ಟಿದ ಕೋಳಿ ತಂದಳು, ಅದು ಹೊಸಪೇಟೆ ದಾಟುವವರೆಗೆ ಅರಚಿತು. ಹುಲಿಗೆಮ್ಮ ಅರ್ಧ ಚೀಲ ಕುಳ್ಳು ಹೊತ್ತು ತಂದು, "ಈ ಮಾಲಿಗೆ ನಾನ ಮಾಲಕಿ. ಯಾರರ ಪೊಲೀಸ್ರು ಕೇಳ್ಲಿ, ನನ್ನ ಕೈಯಾರೆ ತಟ್ಟೀನಿ ಅಂತ ಹೇಳ್ತೀನಿ" ಎಂದಳು.

"ಎಮ್ಮಿ ಯಾರದು?" ಎಂದು ಓಬಳೇಶ ಮುಂದಿನಿಂದ ಕೂಗಿದ.

"ಎಮ್ಮಿ ನಮ್ಮ ಮಾವಂದು."

"ಹಂಗಾದ್ರ ಸೆಗಣಿನೂ ಮಾವಂದ."

ಗಾಡಿ ತುಂಬ ನಗು. ನಗು ನಿಂತ ಮೇಲೆ ಕೋಳಿಯವಳು, "ಇದೂ ನಮ್ಮ ಅತ್ತೀದು. ಕೇಳದ ತಂದೀನಿ" ಎಂದಳು. ಕೊಡ ಗಂಡ ಪಡಿತರದಂಗಡಿಯ ಪಕ್ಕದಲ್ಲಿ ತಂದದ್ದು. ತಲೆದಿಂಬು ಮಗನದು. ಹಾಗೆ ಒಬ್ಬೊಬ್ಬರೂ ಹೇಳುತ್ತ ಬಂದರು. ಗಾಳಿಗೆ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಕುಳಿತಿದ್ದ ಅಕ್ಕನಾಗಮ್ಮ ತಾನು ತಂದ ತಾಮ್ರದ ತಂಬಿಗೆಯನ್ನು ತಿರುಗಿಸಿ ನೋಡಿದಳು. ಅದರ ಕಂಠದ ಮೇಲೆ ಗಂಡ ಉಜ್ಜಿನಪ್ಪನ ಹೆಸರು ಕೊರೆದಿತ್ತು. ಮದುವೆಯಲ್ಲಿ ಅವಳ ತವರಿನವರು ಕೊಟ್ಟ ತಂಬಿಗೆ. ಮೂವತ್ತು ವರ್ಷ ದಿನವೂ ಬೆಳಗಿದ್ದಳು. ಆ ಹೆಸರು ಯಾಕೆ ಅಲ್ಲಿದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ನಂದೊಂದು ಹೊಲಿಗಿ ಮಷಿನ್ ಐತಿ," ಎಂದಳು ಮೂಲೆಯಲ್ಲಿದ್ದ ಕಾವ್ಯ. ಕಾವ್ಯ ಅಕ್ಕನಾಗಮ್ಮನ ಮಗಳು. "ಆದ್ರ ಅದು ಕಂಪ್ಲ್ಯಾಗೈತಿ."

ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಕಾವ್ಯ ಗಂಡನ ಮನೆಯಿಂದ ಬಂದು ಎಂಟು ತಿಂಗಳಾಗಿತ್ತು. ಅಳಿಯ ಶಂಭುಲಿಂಗ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಕಾವ್ಯ ಓಣಿಯವರ ಜಂಪರು ಹೊಲಿದು ಗಳಿಸಿದ್ದನ್ನು ಸಂಜೆ ಅವನ ಕೈಗೆ ಕೊಡಬೇಕಿತ್ತು. ಒಂದು ದಿನ ಕೊಡಲಿಲ್ಲ. ಅವನು ಮಷಿನ್ ಇದ್ದ ಕೋಣೆಗೆ ಬೀಗ ಹಾಕಿದ. ಎರಡು ತಿಂಗಳು ಬೀಗ ತೆಗೆಯಲಿಲ್ಲ. "ನಿನ್ನ ಬಾಯಿ ಸುಮ್ಮನಾದ ಮ್ಯಾಲೆ ಬಾ" ಎಂದು ತವರಿಗೆ ಕಳಿಸಿದ. ಹಿರಿಯರು ಎರಡು ಸಲ ಕೂತರು, ಎರಡು ಸಲವೂ ಚಹಾ ಕುಡಿದು ಎದ್ದರು. "ಮಷಿನರ ಕೊಡ್ರಿ" ಎಂದು ಅಕ್ಕನಾಗಮ್ಮ ಕೇಳಿದಾಗ ಶಂಭುಲಿಂಗ ಮೆತ್ತಗೆ ಹೇಳಿದ್ದ: "ಅತ್ತಿ, ಬಿಲ್ಲು ನನ್ನ ಹೆಸರಿಗೈತಿ."

ಬಿಲ್ಲು ಅವನ ಹೆಸರಿಗೇ ಇತ್ತು. ಹೊಸಪೇಟೆಯ ಅಂಗಡಿಯಲ್ಲಿ ಮಗಳಿಗೆ ಮಷಿನ್ ಕೊಂಡ ದಿನ ನಡೆದದ್ದನ್ನು ಅಕ್ಕನಾಗಮ್ಮ ಎಷ್ಟು ಸಲ ನೆನೆಸಿಕೊಂಡಿದ್ದಳೋ. ಎರಡು ವರ್ಷ ಮೆಣಸಿನಕಾಯಿ ಬಿಡಿಸಿದ ಕೂಲಿ ಅವಳ ಸೊಂಟದ ಚೀಲದಲ್ಲಿತ್ತು. ಅಂಗಡಿಯವ ಪೆನ್ನು ಹಿಡಿದು, "ಹೆಸರೇನು ಬರೀಲಿ?" ಎಂದ. ಅವಳು ಗಂಡನ ಮುಖ ನೋಡಿದಳು. ಉಜ್ಜಿನಪ್ಪ ಒಂದು ಕ್ಷಣವೂ ಯೋಚಿಸದೆ, "ಅಳಿಯಂದ್ರ ಹೆಸರು ಬರೀರಿ. ಬೀಗರ ಮುಂದ ನಮಗೂ ಒಂದು ಮರ್ಯಾದಿ" ಎಂದ. ಅದರಲ್ಲಿ ಕೆಟ್ಟತನವಿರಲಿಲ್ಲ, ಊರಲ್ಲಿ ಎಲ್ಲರೂ ಹಾಗೆಯೇ ಮಾಡುವುದು. ಆದರೆ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಬಂದದ್ದನ್ನು ಅವಳು ನುಂಗಿದ್ದಳು. ಗಂಡ ತಪ್ಪು ಮಾಡಿದ ಎಂದು ಅವಳಿಗೆ ಅನ್ನಿಸಲಿಲ್ಲ. ತಪ್ಪು ತನ್ನದು, ದುಡ್ಡು ತನ್ನ ಸೊಂಟದಲ್ಲಿದ್ದೂ ತಾನು ಬೇರೆಯವರ ಮುಖ ನೋಡಿದ್ದು.

ಈಗ ಆ ಮಷಿನ್ ಬೇಕೇ ಬೇಕಾಗಿತ್ತು. ಊರಿನ ಬಟ್ಟೆ ಅಂಗಡಿಯ ಹೊನ್ನೂರುಸ್ವಾಮಿ, ಸ್ವಂತ ಮಷಿನ್ ತಂದರೆ ಅಂಗಡಿಯ ಜಗಲಿಯ ಮೇಲೆ ಜಾಗ ಕೊಡುತ್ತೇನೆ, ಶಾಲೆಯ ಸಮವಸ್ತ್ರದ ಹೊಲಿಗೆ ಪೂರ್ತಿ ನಿನಗೇ ಎಂದು ಕಾವ್ಯಳಿಗೆ ಹೇಳಿದ್ದ. ಭಾನುವಾರದವರೆಗೆ ಕಾಯುತ್ತೇನೆ, ಆಮೇಲೆ ಕೇಳಿಕೊಂಡು ಬಂದ ಇನ್ನೊಬ್ಬರಿಗೆ ಎಂದಿದ್ದ. ಕಾವ್ಯಳ ಕಾಲು ಕೆಸರಿಗೆ ಆಗಿಬರುತ್ತಿರಲಿಲ್ಲ. ಬೆರಳ ಸಂದಿಯ ಚರ್ಮ ಸುಲಿದು, ಸಂಜೆ ಗಾಡಿಯಲ್ಲಿ ಕೂತು ಬೇವಿನ ಎಣ್ಣೆ ಹಚ್ಚಿಕೊಳ್ಳುವಾಗ ಅವಳು ತುಟಿ ಕಚ್ಚುವುದನ್ನು ಅಕ್ಕನಾಗಮ್ಮ ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

"ಶನಿವಾರ ನಾಟಿ ಮುಗೀತೈತಿ," ಎಂದಳು ಅಕ್ಕನಾಗಮ್ಮ, ಯಾರ ಕಡೆಗೂ ನೋಡದೆ. "ಗಾಡಿ ನಮ್ಮ ಹತ್ರಾನ ಇರತೈತಿ. ಬರೋವಾಗ ಮಷಿನ್ ಹಾಕ್ಕೊಂಡು ಬರೋಣು."

ಬುಧವಾರದಿಂದ ಕೋಳಿ, ಕೊಡಗಳು ನಿಂತವು. ಎಲ್ಲರೂ ಒಂದೊಂದು ಗೊಬ್ಬರದ ಖಾಲಿ ಚೀಲಕ್ಕೆ ಹುಲ್ಲು ತುಂಬಿಕೊಂಡು ಬಂದರು. ಮಾಲೂ ಆಯಿತು, ಕೂರಲು ಮೆತ್ತಗೂ ಆಯಿತು. ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕದ ಸೀಟು ಮಾತ್ರ ಎಂದಿನಂತೆ ಖಾಲಿ. ಖಾಲಿ ಎಂದರೆ ಅಲ್ಲಿ ಬುತ್ತಿಗಳು ಕೂರುತ್ತಿದ್ದವು, ಹನ್ನೊಂದು ಬುತ್ತಿ, ರೊಟ್ಟಿಗೆ ಗಾಳಿ ಹೊಡೆಯಬಾರದು ಎಂದು. ಹೆಂಗಸರು ಅಲ್ಲಿ ಕೂರುತ್ತಿರಲಿಲ್ಲ. ಇದು ಅಕ್ಕನಾಗಮ್ಮನದೇ ಕಟ್ಟುಪಾಡು. ಡ್ರೈವರ್ ಪಕ್ಕದಲ್ಲಿ ಒಬ್ಬಳು ಕೂತಳೆಂದರೆ ಗಾಡಿ ಊರು ಮುಟ್ಟುವ ಮೊದಲೇ ಮಾತು ಮುಟ್ಟುತ್ತದೆ. ಹೋದ ವರ್ಷ ಏಳು ತಿಂಗಳ ಬಸುರಿಯೊಬ್ಬಳು ಬೆನ್ನು ನೋವೆಂದು ಮುಂದೆ ಕೂರುತ್ತೇನೆ ಎಂದಾಗಲೂ ಅವಳು ಒಪ್ಪಿರಲಿಲ್ಲ. ಹಿಂದೆ ಕ್ಯಾಬಿನ್ನಿನ ಗೋಡೆಗೆ ಒರಗುವ ಒಳ್ಳೆಯ ಜಾಗ ಬಿಟ್ಟುಕೊಟ್ಟಿದ್ದಳು, ಅಷ್ಟೇ.

ಶನಿವಾರ ಮೂರು ಗಂಟೆಗೆ ಕೊನೆಯ ಮಡಿ ಮುಗಿಯಿತು. ಕಾಲುವೆಯಲ್ಲಿ ಕೈಕಾಲು ತೊಳೆದರೂ ಮೊಣಕಾಲಿನ ತನಕ ಕೆಸರಿನ ಗೆರೆ ಉಳಿದಿತ್ತು. ಓಬಳೇಶ ಗಾಡಿಯನ್ನು ಕಂಪ್ಲಿಯ ಒಳ ಓಣಿಗೆ ತಂದು ಶಂಭುಲಿಂಗನ ಮನೆಯ ಮುಂದೆ ನಿಲ್ಲಿಸಿದ. ಅಳಿಯ ಗಿರಣಿಯಲ್ಲಿರುವ ಹೊತ್ತು. ಬಾಗಿಲಲ್ಲಿ ಅವನ ತಾಯಿ ಅಕ್ಕಿ ಆರಿಸುತ್ತ ಕೂತಿದ್ದಳು. ಹನ್ನೊಂದು ಹೆಂಗಸರು ಒಬ್ಬೊಬ್ಬರಾಗಿ ಇಳಿಯುವುದನ್ನು ನೋಡಿ ಮೊರ ಕೆಳಗಿಟ್ಟಳು.

"ಇದೇನ್ರಿ ಬೀಗತಿ, ದಂಡು ಕಟ್ಟಿಕೊಂಡು ಬಂದೀರಿ?"

"ಮಷಿನ್ ಒಯ್ಯಾಕ ಬಂದೀವ್ರಿ."

"ಅವನಿಲ್ಲ. ಅವ ಬಂದ ಮ್ಯಾಲೆ ಬರ್ರಿ."

"ಅವರಿದ್ದಾಗ ಎರಡು ಸಲ ಬಂದೀವಿ."

ಕಾವ್ಯ ಅಷ್ಟರಲ್ಲಿ ಒಳಗೆ ಹೋಗಿದ್ದಳು. ಕೋಣೆಗೆ ಈಗ ಬೀಗವಿರಲಿಲ್ಲ. ಮಷಿನ್ ಮೇಲೆ ಯಾರದೋ ಅರ್ಧ ಹೊಲಿದ ಲಂಗ ಇತ್ತು; ನೆಗೆಣ್ಣಿ ಹೊಲಿಯುತ್ತಿದ್ದಳೆಂದು ಕಾಣುತ್ತದೆ. ಕಾವ್ಯ ಸೂಜಿ ಎತ್ತಿ, ಬಟ್ಟೆಯನ್ನು ಎಳೆಯದೆ ನೂಲು ಕತ್ತರಿಸಿ, ಲಂಗವನ್ನು ಮಡಚಿ ಮಂಚದ ಮೇಲಿಟ್ಟಳು. ಬೆಲ್ಟು ಬಿಡಿಸಿದಳು. ಮಷಿನ್ನಿನ ತಲೆಯನ್ನು ಹಲಗೆಯಿಂದ ಬಿಚ್ಚಿ ತಾನೇ ಎದೆಗೆ ಅವಚಿಕೊಂಡಳು. ಕಬ್ಬಿಣದ ಸ್ಟ್ಯಾಂಡನ್ನು ಹುಲಿಗೆಮ್ಮ ಮತ್ತು ಇನ್ನಿಬ್ಬರು ಹಿಡಿದರು.

"ಇದು ಕಳುವು!" ಮುದುಕಿ ಎದ್ದು ನಿಂತಳು. "ಬಿಲ್ ಅವನ ಹೆಸರಿಗೈತಿ. ಪೊಲೀಸರಿಗೆ ಹೇಳ್ತೀನಿ. ಎಲ್ಲಾರ್ನೂ ಒಳಗ ಹಾಕಸ್ತೀನಿ."

"ಹಾಕಸವ್ವಾ, ಹನ್ನೊಂದು ಮಂದಿಗೆ ಮಧ್ಯಾಹ್ನದ ಊಟ ಪುಕ್ಕಟ," ಎಂದಳು ಹುಲಿಗೆಮ್ಮ, ಸ್ಟ್ಯಾಂಡಿನ ಭಾರಕ್ಕೆ ಏದುತ್ತ.

ಅಕ್ಕನಾಗಮ್ಮನಿಗೆ ನಗು ಬರಲಿಲ್ಲ. ಕಾಗದ ಅವನ ಹತ್ತಿರ ಇದೆ. ಯಾರು ಕೇಳಿದರೂ ಅವನು ಕಾಗದ ತೋರಿಸುತ್ತಾನೆ. ನಾವು ಏನು ತೋರಿಸುವುದು? ಬೀಗತಿ ಮಗನಿಗೆ ಫೋನು ಮಾಡುತ್ತಿದ್ದುದು ಕೇಳುತ್ತಿತ್ತು. "ಜಲ್ದಿ ಹೊಡಿಯೋ," ಎಂದು ಅಕ್ಕನಾಗಮ್ಮ ಓಬಳೇಶನಿಗೆ ಹೇಳಿದಳು.

ಗಾಡಿಯ ನಡುವೆ ಸ್ಟ್ಯಾಂಡು ನಿಂತಿತ್ತು. ಸುತ್ತ ಹುಲ್ಲಿನ ಚೀಲಗಳ ಮೇಲೆ ಹೆಂಗಸರು. ಕಾವ್ಯ ಮಷಿನ್ನಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಕುಲುಕಿಗೆ ಅದು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಬಾಳೆ ತೋಟಗಳು ಹಿಂದಾದವು, ಕಬ್ಬು ಹಿಂದಾಯಿತು.

"ಸೂಜಿ ಬದಲಿ ಮಾಡ್ಯಾರವ್ವ," ಎಂದಳು ಕಾವ್ಯ. "ದಪ್ಪನ್ನ ಸೂಜಿ ಹಾಕ್ಯಾರ."

ಎಂಟು ತಿಂಗಳಲ್ಲಿ ಮಗಳು ತಾನಾಗಿ ಆಡಿದ ಮಾತುಗಳು ಕಡಿಮೆ. ಅಕ್ಕನಾಗಮ್ಮ ಅವಳ ಕಡೆ ತಿರುಗಿ, "ಹೊಸಾದು ತಗೊಂಡರಾತು" ಎಂದಳು.

ಕಮಲಾಪುರದ ಕೆರೆಯ ಏರಿ ಕಾಣುವ ತಿರುವಿನಲ್ಲಿ ಜೀಪು ನಿಂತಿತ್ತು. ಖಾಕಿಯ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು. ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರು. ಎದೆಯ ಮೇಲಿನ ಪಟ್ಟಿಯಲ್ಲಿ ಹರಿಪ್ರಿಯಾ ಎಂದಿತ್ತು. ನಲವತ್ತರ ಆಚೀಚೆ ವಯಸ್ಸು. ಗಾಡಿಯ ಸುತ್ತ ಒಂದು ಸುತ್ತು ಬಂದು, ಬೆರಳು ಮಾಡಿ ಎಣಿಸಿದಳು.

"ಹನ್ನೊಂದು. ಏನಪ್ಪಾ, ಇದು ಬಸ್ಸೇನು?"

"ಎಲ್ಲಾರೂ ಮಾಲಿನ ಮಾಲಕರ್ರಿ ಮೇಡಮ್," ಎಂದ ಓಬಳೇಶ. ದನಿಯಲ್ಲಿ ಧೈರ್ಯವಿತ್ತು. "ಮೀಟಿಂಗ್‌ನ್ಯಾಗ ನೀವ ಹೇಳಿದ್ರಿ. ಮಾಲಕ ಮಾಲಿನ ಜೊತಿಗೆ ಹೋಗಬಹುದು ಅಂತ."

"ಎಲ್ಲಿ ಮಾಲು?"

ಹೆಂಗಸರು ತಮ್ಮ ತಮ್ಮ ಚೀಲ ಎತ್ತಿ ತೋರಿಸಿದರು. ಇನ್‌ಸ್ಪೆಕ್ಟರು ಒಂದು ಚೀಲದ ಬಾಯಿ ಬಿಚ್ಚಿ ಒಳಗೆ ನೋಡಿದಳು.

"ಹುಲ್ಲು?"

"ಹುಲ್ಲೂ ಮಾಲ ಅಲ್ಲೇನ್ರಿ? ನಿಮ್ಮನ್ಯಾಗ ದನ ಇದ್ದಿದ್ರ ಹಿಂಗ ಕೇಳ್ತಿರಲಿಲ್ಲ," ಎಂದಳು ಹುಲಿಗೆಮ್ಮ.

ಹರಿಪ್ರಿಯಾ ನಗು ತಡೆದುಕೊಂಡದ್ದು ಅಕ್ಕನಾಗಮ್ಮನಿಗೆ ಕಂಡಿತು. ಆದರೆ ಮಾತಾಡಿದಾಗ ದನಿ ಬೇರೆಯಾಗಿತ್ತು. "ನಾ ಹೇಳಿದ್ದು ಪೂರಾ ಕೇಳಿಲ್ಲ ನೀ. ಮಾಲಿನ ಮಾಲೀಕರು ಹೋಗಬಹುದು, ಆದ್ರ ಕ್ಯಾಬಿನ್ನೊಳಗ, ಡ್ರೈವರ್ ಪಕ್ಕ. ಹಿಂದ ಬಯಲಾಗ ಅಲ್ಲ. ಹುಲ್ಲಿನ ಚೀಲ ಇಟ್ಕೊಂಡು ಹನ್ನೊಂದು ಮಂದಿ ಅಂತೂ ಅಲ್ಲೇ ಅಲ್ಲ. ಬ್ರೇಕ್ ಹಾಕಿದ್ರ ಈ ಕಬ್ಬಿಣ ಯಾರ ಎದಿ ಮ್ಯಾಲೆ ಬೀಳತೈತಿ ನೋಡ್ರಿ." ಅವಳು ಸ್ಟ್ಯಾಂಡಿನ ಮೇಲೆ ಕೈ ಇಟ್ಟಳು. "ಇಳೀರಿ ಎಲ್ಲಾರೂ. ಬಿದ್ದೋರನ್ನ ಎತ್ತಿ ನನಗ ಸಾಕಾಗೇದ."

ಹೆಂಗಸರು ಇಳಿದರು. ಓಬಳೇಶನ ಮುಖ ಸಣ್ಣದಾಯಿತು. ಕ್ಯಾಬಿನ್ ಎಂಬ ಮಾತನ್ನು ಅವನು ಕೇಳಿಸಿಕೊಂಡೇ ಇರಲಿಲ್ಲ. ಕೇಳಿಸಿದ್ದರೂ ಆ ಸೀಟು ಬುತ್ತಿಯದೆಂದು ಬಿಟ್ಟಿರುತ್ತಿದ್ದ.

ಹರಿಪ್ರಿಯಾ ಜೀಪಿನ ಬಾನೆಟ್ಟಿನ ಮೇಲೆ ತಪಾಸಣಾ ವರದಿಯ ಪುಸ್ತಕ ಬಿಚ್ಚಿದಳು. ಗಾಡಿಯ ನಂಬರು, ಲೈಸೆನ್ಸು, ವಿಮೆ ಒಂದೊಂದೇ ಬರೆಯುತ್ತ, "ಹೊಲಿಗೆ ಯಂತ್ರ ಒಂದು. ಇದೊಂದೇ ನಿಜವಾದ ಸರಕು. ಇದು ಯಾರದು?" ಎಂದು ಕೇಳಿದಳು.

ಪೆನ್ನು ಹಿಡಿದ ಕೈ, ಕಾಗದ, ಹೆಸರಿಗೆ ಕಾಯುವ ಖಾಲಿ ಜಾಗ. ಅಕ್ಕನಾಗಮ್ಮ ಬಾಯಿ ತೆರೆಯುವ ಮೊದಲೇ ಹಿಂದೆ ಬೈಕು ಬಂದು ನಿಂತಿತು. ಶಂಭುಲಿಂಗ. ಅಂಗಿಯ ಮೇಲೆ ಗಿರಣಿಯ ತೌಡಿನ ಧೂಳು ಹಾಗೇ ಇತ್ತು.

"ಛಲೋ ಮಾಡಿದ್ರಿ ಮೇಡಮ್, ಹಿಡಿದು ನಿಲ್ಲಿಸಿದ್ರಿ. ನಾ ಇಲ್ಲದಾಗ ನಮ್ಮ ಮನಿ ಹೊಕ್ಕು ಮಷಿನ್ ಎತ್ತಿಕೊಂಡು ಹೊಂಟಾರ. ಅದು ನಂದು. ಬಿಲ್ ನನ್ನ ಹೆಸರಿಗೈತಿ."

"ನಿಮ್ದೇನು?" ಹರಿಪ್ರಿಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಿಲ್ ತಂದೀರೇನು?"

"ಮನ್ಯಾಗೈತ್ರಿ."

"ಇರ್ಲಿ. ನಿಮ್ಮನಿ ಜಗಳ ನನಗ ಬ್ಯಾಡ, ಅದಕ್ಕ ಬ್ಯಾರೆ ಕಚೇರಿ ಅದಾವ. ನಾ ಬರೆಯೋದು ಇಷ್ಟೇ: ಸರಕು, ಸರಕಿನ ಮಾಲೀಕರು. ಈ ಸರಕಿನ ಗಾಡ್ಯಾಗ ಹನ್ನೊಂದು ಮಂದೀನ ಬಯಲಾಗ ಕೂಡಿಸ್ಯಾರ. ಮಾಲೀಕರು ನೀವಂದ್ರ ನಿಮ್ಮ ಹೆಸರು, ವಿಳಾಸ ಹೇಳ್ರಿ. ಇಲ್ಲಿ ಸಹಿ ಮಾಡ್ರಿ."

"ಸಹಿ ಯಾಕ್ರಿ ನಂದು?"

"ಮಾಲು ನಿಮ್ದಂದ್ರಲ್ಲ. ದಂಡ ಗಾಡಿಯವನ ಮ್ಯಾಲೆ. ಆದ್ರ ಕೇಸು ಮುಂದ ಹೋದ್ರ ಮಾಲೀಕರನ್ನೂ ಕರೀಬಹುದು. ಕರೀದೆ ಇರಬಹುದು."

ಶಂಭುಲಿಂಗ ಪೆನ್ನಿನ ಕಡೆ ನೋಡಿದ. ಗಿರಣಿಯಲ್ಲಿ ದಿನವೂ ಹತ್ತು ಕಡೆ ಸಹಿ ಹಾಕುವವನು. ಯಾವ ಸಹಿ ಎಲ್ಲಿಗೆ ಎಳೆಯುತ್ತದೆಂದು ಬಲ್ಲವನು. ಅವನ ಕೈ ಮುಂದೆ ಬರಲಿಲ್ಲ.

ಆ ಸಹಿ ತಮ್ಮನ್ನೂ ಎಳೆಯಬಹುದು ಎಂದು ಅಕ್ಕನಾಗಮ್ಮನಿಗೂ ಗೊತ್ತಾಯಿತು. ಕೋರ್ಟು ಎಂದರೆ ಏನೆಂದು ಅವಳಿಗೆ ತಿಳಿಯದು. ಅಂದು ಅಂಗಡಿಯಲ್ಲಿ ತಿರುಗಿದಂತೆ ಕತ್ತು ತಾನಾಗಿ ಪಕ್ಕಕ್ಕೆ ತಿರುಗಿತು, ಯಾರದೋ ಮುಖ ಹುಡುಕಿಕೊಂಡು. ಪಕ್ಕದಲ್ಲಿ ಉಜ್ಜಿನಪ್ಪ ಇರಲಿಲ್ಲ. ಕಾವ್ಯ ಇದ್ದಳು, ಮಷಿನ್ನಿನ ತಲೆಯನ್ನು ಕೂಸಿನ ಹಾಗೆ ಎದೆಗಿಟ್ಟುಕೊಂಡು. ಅವಳೂ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ನಮ್ಮ ಕಾವ್ಯಾಂದು ರೀ," ಎಂದಳು ಅಕ್ಕನಾಗಮ್ಮ. "ನನ್ನ ಕೂಲಿ ದುಡ್ಡಿನ್ಯಾಗ ನನ್ನ ಮಗಳಿಗೆ ತಂದಿದ್ದು. ಗಾಡಿ ಹಿಡಿದೋಳು ನಾನ. ಕರಿಯೋದಿದ್ರ ನಮ್ಮನ್ನ ಕರೀರಿ, ಬರ್ತೀವಿ."

ಹರಿಪ್ರಿಯಾ ಶಂಭುಲಿಂಗನ ಕಡೆ ತಿರುಗಿದಳು. "ನೀವೇನಂತೀರಿ? ನಿಮ್ದು ಅಂತ ಬರೀಲೋ, ಈಕಿದು ಅಂತ ಬರೀಲೋ? ಎರಡು ಬರಿಯಾಕ ಜಾಗ ಇಲ್ಲ ಇದರಾಗ."

ಅವನು ರಸ್ತೆಯ ಆಚೆ ನೋಡಿದ. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. "ಅಕಿದು ಅಂತನ ಬರಕೊಳ್ರಿ," ಎಂದ. "ನಾ ಈ ಲಫಡಾದಾಗ ಇಲ್ಲ."

"ಅಳಿಯಂದ್ರ, ಇನ್ನೊಮ್ಮೆ ಹೇಳ್ರಿ, ಎಲ್ಲಾರಿಗೂ ಕೇಳ್ಲಿ," ಎಂದಳು ಹುಲಿಗೆಮ್ಮ. ಅಕ್ಕನಾಗಮ್ಮ ಕಣ್ಣು ಬಿಟ್ಟು ಅವಳನ್ನು ಸುಮ್ಮನಾಗಿಸಿದಳು.

ಇನ್‌ಸ್ಪೆಕ್ಟರು ಬರೆದಳು. "ಕಾವ್ಯ. ಗಂಡನ ಹೆಸರು?"

ಗಂಡ ಮೂರು ಮಾರು ದೂರದಲ್ಲಿ ನಿಂತಿದ್ದ. ಕಾವ್ಯ ಕೇಳಿದಳು: "ತಾಯಿ ಹೆಸರು ಬರೀಬಹುದೇನ್ರಿ?"

"ಬರೀಬಹುದು."

"ಅಕ್ಕನಾಗಮ್ಮ, ಮರಿಯಮ್ಮನಹಳ್ಳಿ."

ಮಷಿನ್ನಿನ ತಲೆಯನ್ನು ತಾಯಿಯ ಕೈಗೆ ಕೊಟ್ಟು ಕಾವ್ಯ ಸಹಿ ಮಾಡಿದಳು. ಶಂಭುಲಿಂಗ ಬೈಕು ತಿರುಗಿಸುತ್ತಿದ್ದ. "ಹೆಲ್ಮೆಟ್ ಎಲ್ಲಿ ನಿಮ್ದು?" ಎಂದು ಹರಿಪ್ರಿಯಾ ತಲೆ ಎತ್ತುವಷ್ಟರಲ್ಲಿ ಅವನು ಕಂಪ್ಲಿಯ ದಾರಿ ಹಿಡಿದಿದ್ದ.

ದಂಡದ ಕಾಗದ ಓಬಳೇಶನ ಕೈಗೆ ಬಂತು. "ಇದನ್ನ ನಾವೂ ಹಂಚಿಕೊಂತೀವಿ, ಹೆದರಬ್ಯಾಡ," ಎಂದಳು ಅಕ್ಕನಾಗಮ್ಮ. ಆಮೇಲೆ ಇನ್‌ಸ್ಪೆಕ್ಟರಿಗೆ, "ಮೇಡಮ್ಮೋರೆ, ಆ ಹೆಸರು ಬರೆದ ಕಾಗದದ್ದು ನಮಗೊಂದು ಪ್ರತಿ ಸಿಗತೈತೇನ್ರಿ?" ಎಂದು ಕೇಳಿದಳು.

ಹರಿಪ್ರಿಯಾ ಒಂದು ಕ್ಷಣ ಅವಳನ್ನು ನೋಡಿದಳು. "ಇದು ಬಿಲ್ ಅಲ್ಲಮ್ಮ. ನಾಳೆ ಆತ ಕೋರ್ಟಿಗೆ ಹೋದ್ರ ಇದೊಂದ ಸಾಕಾಗಂಗಿಲ್ಲ."

"ಗೊತ್ತೈತ್ರಿ. ಆದ್ರೂ ಕೊಡ್ರಿ."

ಕಾರ್ಬನ್ ಹಾಳೆಯ ಕೆಳಗಿದ್ದ ಒಂದು ಪ್ರತಿಯನ್ನು ಹರಿದು ಇನ್‌ಸ್ಪೆಕ್ಟರು ಕೊಟ್ಟಳು. ಅಕ್ಷರಗಳು ನೀಲಿಯಾಗಿ, ಸ್ವಲ್ಪ ಮಸುಕಾಗಿ ಮೂಡಿದ್ದವು. ಅಕ್ಕನಾಗಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಮಗಳ ಕೈಗೆ ಕೊಟ್ಟಳು.

"ಗಾಡಿ ಹೋಗಬಹುದು," ಎಂದಳು ಹರಿಪ್ರಿಯಾ. "ಸರಕು, ಸರಕಿನ ಮಾಲೀಕರು ಒಬ್ಬರು. ಅದೂ ಮುಂದ. ಉಳಿದೋರು ಬಸ್ಸಿಗೆ ಹೋಗ್ರಿ, ಈಗ ಬರತೈತಿ."

ಹೆಂಗಸರು ಅಕ್ಕನಾಗಮ್ಮನ ಕಡೆ ನೋಡಿದರು. ಓಬಳೇಶ ಕೆಳಗೆ ನೋಡಿದ. ಗಂಡ ಬಿಟ್ಟವಳೆಂದು ಊರು ಹೇಗೂ ಆಡಿಕೊಳ್ಳುತ್ತಿದ್ದ ಮಗಳು. ಸಂಜೆಯ ಹೊತ್ತು, ಡ್ರೈವರ್ ಪಕ್ಕ, ಒಬ್ಬಳೇ, ಊರ ನಡುವೆ ಹಾದು ಬಟ್ಟೆ ಅಂಗಡಿಯ ಮುಂದೆ ಇಳಿಯಬೇಕು. ಅಕ್ಕನಾಗಮ್ಮನಿಗೆ ಹೋದ ವರ್ಷದ ಬಸುರಿ ನೆನಪಾದಳು. ಅವಳು ಬೆನ್ನಿಗೆ ಕೈ ಕೊಟ್ಟುಕೊಂಡು ಕೇಳಿದ್ದಳು, ತಾನು ಊರಿನ ಬಾಯಿಗೆ ಹೆದರಿ ಇಲ್ಲ ಎಂದಿದ್ದಳು. ಆ ಬಾಯಿಗಾಗಿ ಎಂಟು ವರ್ಷ ಬುತ್ತಿಗಳನ್ನು ಜೋಪಾನವಾಗಿ ಮುಂದೆ ಕೂಡಿಸಿ, ಹೆಂಗಸರನ್ನು ಹಿಂದೆ ಗಾಳಿಗೆ ಕೂಡಿಸಿದ್ದಳು. ಇದು ಯಾವ ಕಾನೂನಿನಲ್ಲೂ ಇರಲಿಲ್ಲ, ಅವಳೇ ಮಾಡಿದ್ದು.

ಅವಳು ಕ್ಯಾಬಿನ್ನಿನ ಬಾಗಿಲು ತೆಗೆದು, ಖಾಲಿ ಬುತ್ತಿಗಳನ್ನು ಒಂದೊಂದಾಗಿ ಎತ್ತಿ ಹೊರಗೆ ಹೆಂಗಸರ ಕೈಗೆ ಕೊಟ್ಟಳು. ಸೀಟಿನ ಮೇಲೆ ಉದುರಿದ್ದ ರೊಟ್ಟಿಯ ಚೂರನ್ನು ಸೆರಗಿನಿಂದ ಕೊಡವಿದಳು.

"ಹತ್ತು," ಎಂದಳು.

"ಅವ್ವ..."

"ಹತ್ತವ್ವ. ಹೊನ್ನೂರುಸ್ವಾಮಿ ಅಂಗಡಿ ಮುಚ್ಚೋದ್ರೊಳಗ ಇಳಿಸು. ಯಾರರ ಏನರ ಅಂದ್ರ ಮಾಲಿನ ಜೊತಿಗೆ ಬಂದೀನಿ ಅನ್ನು."

ಕಾವ್ಯ ಹತ್ತಿ ಕುಳಿತಳು. ಮಷಿನ್ನಿನ ತಲೆ ಅವಳ ತೊಡೆಯ ಮೇಲೆ, ಮಡಚಿದ ಕಾಗದ ಮುಷ್ಟಿಯಲ್ಲಿ. ಗಾಡಿ ಹೊರಟಾಗ ಖಾಲಿ ಹಿಂಭಾಗದಲ್ಲಿ ಸ್ಟ್ಯಾಂಡೊಂದೇ ಹಗ್ಗದ ಕಟ್ಟಿನಲ್ಲಿ ನಿಂತಿತ್ತು. ಅದರ ಪೆಡಲು ರಸ್ತೆಯ ಕುಲುಕಿಗೆ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು.

ಹತ್ತು ಹೆಂಗಸರು ರಸ್ತೆಯ ಬದಿಗೆ ನಿಂತರು. ಹುಲ್ಲಿನ ಚೀಲಕ್ಕೆ ಬಸ್ಸಿನವರು ಲಗೇಜ್ ಕೇಳುತ್ತಾರೆಂದು ಒಬ್ಬಳು ಹೇಳಿದಳು. ಅಲ್ಲೇ ಮೇಯುತ್ತಿದ್ದ ಎರಡು ಹಸುಗಳ ಮುಂದೆ ಎಲ್ಲರೂ ಹುಲ್ಲು ಸುರಿದು, ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡರು.

"ಹೋತು ನಮ್ಮ ಮಾಲು," ಎಂದಳು ಹುಲಿಗೆಮ್ಮ. ಆಮೇಲೆ ಮೆತ್ತಗೆ, "ನಾಗಕ್ಕ, ಸೋಮವಾರ ಬ್ಯಾರೆ ಗದ್ದಿ ಐತಿ. ಹೆಂಗ ಹೋಗೋದು?"

ಅಕ್ಕನಾಗಮ್ಮ ಗಾಡಿ ಹೋದ ದಾರಿಯ ಕಡೆ ನೋಡಿದಳು. ಓಬಳೇಶ ಇನ್ನು ಹೆಂಗಸರನ್ನು ಹತ್ತಿಸುವುದಿಲ್ಲ. ಹತ್ತಿಸಿದರೂ ತಾನು ಮತ್ತೆ ಹಿಂದೆ ಕೂಡಿಸಬಲ್ಲೆನೇ ಎಂದು ಅವಳಿಗೆ ತಿಳಿಯಲಿಲ್ಲ. ಸ್ಟ್ಯಾಂಡಿನ ಮೇಲೆ ಆ ಹೆಣ್ಣುಮಗಳು ಕೈ ಇಟ್ಟು ಹೇಳಿದ ಮಾತು ಕಿವಿಯಲ್ಲಿತ್ತು. ಗದ್ದೆಯವನೇ ಟೆಂಪೊ ಕಳಿಸಲಿ ಎಂದು ಕೇಳಿ ನೋಡಬೇಕು. ಅವನು ಒಪ್ಪಲಿಕ್ಕಿಲ್ಲ. "ನಾಳೆ ಒಂದು ದಿನ ಐತಲ್ಲ, ನೋಡೋಣು," ಎಂದಳು.

ಬಸ್ಸು ತುಂಬಿ ಬಂತು. ಕೆಸರು ಕಾಲಿನ ಹತ್ತು ಹೆಂಗಸರನ್ನು ನೋಡಿ ಕಂಡಕ್ಟರ್ ಮುಖ ಸಿಂಡರಿಸಿದ, ಆದರೂ ಹತ್ತಿಸಿಕೊಂಡ. ಅಕ್ಕನಾಗಮ್ಮ ಕುಪ್ಪಸದೊಳಗಿನ ಪ್ಲಾಸ್ಟಿಕ್ ಚೀಲದಿಂದ ಆಧಾರ್ ಕಾರ್ಡು ತೆಗೆದು ತೋರಿಸಿದಳು. ಅವನು ಪುಕ್ಕಟೆಯ ಚೀಟಿ ಹರಿದು ಕೊಟ್ಟ.

"ಲಗೇಜ್ ಏನರ ಐತೇನಮ್ಮ?"

"ಇಲ್ಲಪ್ಪ," ಎಂದಳು ಅಕ್ಕನಾಗಮ್ಮ. "ಅದು ಮಗಳ ಜೊತಿಗೆ ಮುಂದ ಹೋತು."